ಗಂಡ ಇರೋ ತಾಯಿ, ಒಬ್ಬಂಟಿ ತಾಯಿ: ದಿನದ ಹೊತ್ತು ಯಾರಿಗೆ ಎಲ್ಲಿ ಹೋಗ್ತೈತೆ?

ದುರ್ಗದ_ಓದುಗಿ:
ಎಲ್ರಿಗೂ ನಮಸ್ಕಾರ. ನಾನು ಚಿತ್ರದುರ್ಗದಲ್ಲಿ ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್, ಸಮಾಜಶಾಸ್ತ್ರ ತಗೋತೀನಿ. ಮೊನ್ನೆ ಕ್ಲಾಸಲ್ಲಿ ಒಂದು ವಿಷ್ಯಕ್ಕೆ ಹುಡುಗೀರು ಜಗಳಾನೇ ಆಡ್ಬಿಟ್ರು, ಅದನ್ನ ಇಲ್ಲಿ ಹಾಕ್ತಿದೀನಿ. ಆ ಹುಡುಗೀರಿಗೆ ಇನ್ನೂ ಸಂಸಾರ ಗೊತ್ತಿಲ್ಲ, ಇಲ್ಲಿರೋ ಅಕ್ಕಂದಿರಿಗೆ ಗೊತ್ತು.

ಅಮೆರಿಕದಲ್ಲಿ 2003ರಿಂದ ವರ್ಷಾ ವರ್ಷ ಒಂದು ಸರ್ವೆ ಮಾಡ್ತಾರೆ, ಫೋನ್ ಮಾಡಿ ನಿನ್ನೆ ಬೆಳಗಿನ ಜಾವ 4ರಿಂದ ಇವತ್ತು 4ರವರೆಗೆ ಏನೇನ್ ಮಾಡಿದ್ರಿ ಅಂತ ಕೇಳಿ ಬರ್ಕೊಳ್ಳೋದು. 2003ರಿಂದ 2012ರ ತನಕದ ಆ ಲೆಕ್ಕ ಹಿಡ್ಕೊಂಡು ಜೊಆನ್ನಾ ಪೆಪಿನ್ ಮತ್ತೆ ಇನ್ನಿಬ್ಬರು ಸಂಶೋಧಕಿಯರು 2018ರಲ್ಲಿ ಒಂದು ಪ್ರಬಂಧ ಬರೆದ್ರು. ಗಂಡ ಇಲ್ದಿರೋ ತಾಯಂದಿರಿಗೆ ಉಸಿರಾಡೋಕೂ ಟೈಮಿಲ್ಲ, ಗಂಡ ಇರೋರಿಗೆ ಸ್ವಲ್ಪ ಆರಾಮು ಅಂತ ತಾನೇ ಎಲ್ರೂ ಅನ್ಕೊಳ್ಳೋದು? ಲೆಕ್ಕ ಉಲ್ಟಾ ಬಂತು. ಮಕ್ಕಳನ್ನ ನೋಡ್ಕೊಳ್ಳೋ ಟೈಮು ಮದುವೆ ಆಗೈತೋ ಇಲ್ವೋ ಅನ್ನೋದ್ರ ಮೇಲೆ ಹೆಚ್ಚುಕಮ್ಮಿ ಆಗಲ್ಲ. ಆದ್ರೆ ಹೊರಗೆ ದುಡಿಯೋ ಗಂಟೆ ಸಮ ಮಾಡಿ ನೋಡಿದ್ಮೇಲೂ ಗಂಡ ಇರೋ ತಾಯಂದಿರೇ ಮನೆಕೆಲಸ ಜಾಸ್ತಿ ಮಾಡ್ತಾರೆ, ನಿದ್ದೆ ಕಮ್ಮಿ ಮಾಡ್ತಾರೆ. ಮದುವೆ ಆಗದ ತಾಯಂದಿರಿಗೆ ಬಿಡುವು ಸ್ವಲ್ಪ ಜಾಸ್ತಿ ಐತೆ, ಆದ್ರೆ ಅದು ಹೆಚ್ಚಾಗಿ ಟಿವಿ ಮುಂದೆ ಕೂತು ಕಳೆಯೋ ಬಿಡುವು.

ನಮ್ಮ ದುರ್ಗ, ದಾವಣಗೆರೆ ಕಡೆ ಇದು ಹೆಂಗೆ? ಗಂಡನ ಜೊತೆ ಇರೋರು, ಗಂಡ ತೀರಿಕೊಂಡೋರು, ಬಿಟ್ಟು ಬಂದೋರು ಎಲ್ರೂ ಹೇಳಿ. ಹೆಸರು ಬೇಡ, ದಿನ ಹೆಂಗೆ ಕಳೀತೈತೆ ಅಷ್ಟು ಸಾಕು.

ನಿಟ್ಟುವಳ್ಳಿ_ಅಕ್ಕ:
ನೂರಕ್ಕೆ ನೂರು ನಿಜ ಐತಿ ನೋಡ್ರಿ. ನಮ್ಮೆಜಮಾನ್ರು ಕಂಪನಿ ಕೆಲಸದ ಮೇಲೆ ಹುಬ್ಬಳ್ಳಿ ಬೆಳಗಾವಿ ಅಂತ ಹೋದ ವಾರ ನನಗೆ ಅರ್ಧ ಕೆಲಸ ಇರಲ್ಲ, ನಾನು ಮಕ್ಕಳು ಚಿತ್ರಾನ್ನ ತಿಂದು ಮಲಗ್ತೀವಿ, ಒಂದು ಬಾಣಲೆ ಮೂರು ತಟ್ಟೆ ಅಷ್ಟೇ ಮುಸುರೆ, ಅವರು ಮನೇಲಿದ್ರೆ ರಾತ್ರಿ ಬಿಸಿ ರೊಟ್ಟಿನೇ ಆಗ್ಬೇಕು, ಪಲ್ಯ ಬೇರೆ, ಸಾರು ಬೇರೆ, ಅವರು ಬರೋದು ಒಂಬತ್ತೂವರೆ ಹತ್ತು, ಅಲ್ಲಿತನಕ ಹೆಂಚು ಇಳಿಸಂಗಿಲ್ಲ, ಆಮೇಲೆ ಕಟ್ಟೆ ಒರೆಸಿ ಬೆಳಗಿನ ಡಬ್ಬಿಗೆ ಕಾಳು ನೆನೆಹಾಕಿ ಮಲಗಷ್ಟರಲ್ಲಿ ಹನ್ನೊಂದೂವರೆ. ಅವರು ಕೆಟ್ಟೋರಲ್ಲ ಮತ್ತೆ. ಆದ್ರೆ ಮನೇಲಿ ಅವರಿದ್ದಾರೆ ಅಂದ್ರೆ ಅಡಿಗೆ ಮನೆ ಬಾಗ್ಲು ಮುಚ್ಚಲ್ಲ.

ಎಪಿಎಂಸಿ_ಅಣ್ಣ:
ಸುಮ್ನೆ ಗಂಡಸರನ್ನ ಬೈಯಾಕೆ ಒಂದು ಸರ್ವೆ ಬೇಕಿತ್ತಾ? ಗ್ಯಾಸ್ ತರೋರು ಯಾರು, ಸಂತೆ ಚೀಲ ಹೊರೋರು ಯಾರು, ಮಕ್ಕಳನ್ನ ಬೈಕಲ್ಲಿ ಶಾಲೆಗೆ ಬಿಡೋರು ಯಾರು, ಕರೆಂಟ್ ಬಿಲ್ಲು ಎಲ್ಐಸಿ ಶಾಲೆ ಫೀಸು ಯಾರು ಕಟ್ತಾರೆ? ನಾನು ಬೆಳಗ್ಗೆ ಆರಕ್ಕೆ ಮಂಡಿಗೆ ಹೋದ್ರೆ ಮೆಕ್ಕೆಜೋಳದ ಸೀಸನ್ನಲ್ಲಿ ರಾತ್ರಿ ಹತ್ತಾಗ್ತತಿ ಮನೆ ಸೇರಾಕೆ. ಅದು ಕೆಲಸ ಅಲ್ವಾ?

ಜಯದೇವ_ಸರ್ಕಲ್:
ಅಣ್ಣಾ ನಿಮ್ಮ ಕೆಲಸಕ್ಕೆ ರಾತ್ರಿ ಹತ್ತಕ್ಕೆ ಮುಗಿಯೋದು ಅಂತ ಒಂದು ಐತಲ್ಲ.

ಲೆಕ್ಕದ_ಮೇಷ್ಟ್ರು_ಹೊಳಲ್ಕೆರೆ:
ಎಪಿಎಂಸಿ ಅಣ್ಣ, ಬೈಯೋ ಮಾತು ಪಕ್ಕಕ್ಕಿಡಿ, ನಮ್ಮ ದೇಶದ ಅಂಕಿಅಂಶಾನೇ ಐತೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿಯೋರು 2019ರಲ್ಲಿ ಇಡೀ ದೇಶದಲ್ಲಿ ಮೊದಲ ಸಲ ಇಂಥದ್ದೇ ಸಮಯ ಬಳಕೆ ಸಮೀಕ್ಷೆ ಮಾಡಿದ್ರು. ಸಂಬಳ ಇಲ್ದಿರೋ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಇನ್ನೊಂದ್ ಸಲ ಮಾಡಿದಾಗ 289 ಮತ್ತೆ 88. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಇಳೀತು, ಗಂಡಸರಿಗೂ ಒಂಬತ್ತು ನಿಮಿಷ ಇಳೀತು.

ಎಪಿಎಂಸಿ_ಅಣ್ಣ:
ಮೇಷ್ಟ್ರೇ 97 ನಿಮಿಷ ಅಂದ್ರೆ ಒಂದೂವರೆ ಗಂಟೆ ಮೇಲಾತು. ಹೊರಗೆ ದುಡಿದು ಬಂದು ಒಂದೂವರೆ ಗಂಟೆ ಮನೆಕೆಲಸ ಮಾಡ್ತಾರಲ್ಲ, ಮತ್ತೇನ್ ಬೇಕು.

ವಕೀಲಮ್ಮ_ದುರ್ಗ:
ಅಣ್ಣಾರೆ ಆ 97ನ್ನ ಸರಿಯಾಗಿ ಓದ್ಬೇಕು. ಅದು ಎಲ್ಲಾ ಗಂಡಸರ ಸರಾಸರಿ ಅಲ್ಲ, ಆ ದಿನ ಮನೆಕೆಲಸಕ್ಕೆ ಕೈ ಹಾಕಿದ ಗಂಡಸರದ್ದು ಮಾತ್ರ. ಕೈ ಹಾಕಿದ್ದು ನೂರಕ್ಕೆ 26 ಜನ. ಹೆಂಗಸರಲ್ಲಿ 81 ಜನ. ಮಾಡಿದೋರು ಮಾಡದೇ ಇರೋರು ಎಲ್ಲಾ ಸೇರಿಸಿ ಹಂಚಿದ್ರೆ ಗಂಡಸಿಗೆ ದಿನಕ್ಕೆ 25 ನಿಮಿಷ, ಹೆಂಗಸಿಗೆ 243 ನಿಮಿಷ ಬೀಳುತ್ತೆ.

ಇದೇನು ಬರೀ ಪೇಪರ್ ಮೇಲಿನ ಲೆಕ್ಕ ಅಲ್ಲ ಮತ್ತೆ. 2021ರ ಜನವರಿ 5ಕ್ಕೆ ಸುಪ್ರೀಂ ಕೋರ್ಟು ಒಂದು ಅಪಘಾತ ಪರಿಹಾರದ ಕೇಸಲ್ಲಿ, ಕೀರ್ತಿ ಅಂತ ಕೇಸು, ಈ 299 ಮತ್ತೆ 97ನ್ನೇ ಎತ್ತಿ ಹೇಳಿ ಮನೇಲಿರೋ ಹೆಂಗಸಿನ ದುಡಿಮೆಗೂ ಆದಾಯ ಅಂತ ಕಟ್ಟಲೇಬೇಕು ಅಂತು. ನಾವು ಇಲ್ಲಿ ಜಿಲ್ಲಾ ಕೋರ್ಟಲ್ಲಿ ಅಪಘಾತದ ಕೇಸು ನಡೆಸುವಾಗ ಆ ತೀರ್ಪು ಮುಂದಿಡ್ತೀವಿ. ಮೊದಲು ಮನೆ ಹೆಂಗಸು ತೀರಿಕೊಂಡ್ರೆ 'ಆಕೆ ಏನೂ ದುಡೀತಿರಲಿಲ್ಲ' ಅಂತ ಇನ್ಶೂರೆನ್ಸ್ ಕಡೆಯೋರು ಒಂದೇ ಮಾತಲ್ಲಿ ಮುಗಿಸೋರು.

ನಿಟ್ಟುವಳ್ಳಿ_ಅಕ್ಕ:
ಸತ್ತ ಮೇಲೆ ಬೆಲೆ ಕಟ್ತಾರೆ ಅಂದ್ರೆ ಅದೂ ಒಂದು ಸಮಾಧಾನನೇ ಬಿಡ್ರಿ ವಕೀಲಮ್ಮ, ಮಕ್ಕಳಿಗಾದ್ರೂ ಸಿಗ್ಲಿ.

ಎರಡ್ಮಕ್ಕಳ_ತಾಯಿ:
ಎಲ್ಲಾ ಓದ್ದೆ. ನನ್ನ ಗಂಡ ತೀರಿಕೊಂಡು ವರ್ಷಗಳಾದ್ವು. ದಾವಣಗೆರೆಲೇ ಒಂದು ಬಟ್ಟೆ ಅಂಗಡಿಲಿ ಸೇಲ್ಸಲ್ಲಿದ್ದೀನಿ. ಅಮೆರಿಕದ ಮಾತು ನನಗೂ ಅರ್ಧ ಒಪ್ಪಿಗೆ, ಅಡಿಗೆ ಕಮ್ಮಿ ಆಗೈತಿ ಅನ್ನೋದು ಖರೆ. ಅವರಿದ್ದಾಗ ದಿನಾ ಮಾಡ್ತಿದ್ದ ಎಷ್ಟೋ ಕೆಲಸ ಈಗಿಲ್ಲ. ಇಸ್ತ್ರಿ ಇಲ್ಲ, ಎರಡು ಥರ ಪಲ್ಯ ಇಲ್ಲ, ಅವರ ಕಡೆ ನೆಂಟರು ಬಂದ್ರೆ ಮೂರು ದಿನ ಒಲೆ ಮುಂದೆ ನಿಲ್ಲೋದಿಲ್ಲ, ಆ ನೆಂಟರೇ ಬರೋದು ನಿಲ್ಲಿಸಿದ್ರು ಬಿಡ್ರಿ.

ಆದ್ರೆ ನಿದ್ದೆ ವಿಷ್ಯ ಒಪ್ಪಲ್ಲ. ಮಲಗೋ ಗಂಟೆ ಎಣಿಸಿದ್ರೆ ಇರಬಹುದು, ಆದ್ರೆ ಬಾಗ್ಲು ಚಿಲಕ ಎರಡೆರಡು ಸಲ ಎದ್ದು ನೋಡೋದು, ಹೊರಗೆ ನಾಯಿ ಬೊಗಳಿದ್ರೆ ಎಚ್ಚರ ಆಗೋದು, ಅದು ನಿದ್ದೆನಾ? ಸಣ್ಣವಳಿಗೆ ರಾತ್ರಿ ಜ್ವರ ಏರಿದಾಗ ದೊಡ್ಡವನನ್ನ ಮನೇಲಿ ಒಬ್ಬನ್ನೇ ಬಿಟ್ಟು ಹೋಗ್ಲಾ, ಎಬ್ಬಿಸಿ ಕರ್ಕೊಂಡು ಹೋಗ್ಲಾ ಅಂತ ಬಾಗ್ಲಲ್ಲಿ ನಿಂತು ಯೋಚನೆ ಮಾಡೋದೈತಲ್ಲ, ಗಂಡ ಇರೋರಿಗೆ ಆ ಯೋಚನೆ ಬರಲ್ಲ. ಒಬ್ರು ಹೋಗ್ತಾರೆ ಒಬ್ರು ಇರ್ತಾರೆ, ಅಷ್ಟೇ.

ಇನ್ನೊಂದು, ಕಚೇರಿ. ವಿಧವಾ ವೇತನ, ರೇಷನ್ ಕಾರ್ಡಲ್ಲಿ ಹೆಸರು ತೆಗೆಸೋದು, ಮನೆ ಖಾತೆ ನನ್ನ ಹೆಸರಿಗೆ ಮಾಡ್ಸೋದು, ಮಕ್ಕಳಿಗೆ ಜಾತಿ ಆದಾಯ ಸರ್ಟಿಫಿಕೇಟು, ವಂಶವೃಕ್ಷ, ಪ್ರತಿ ಒಂದಕ್ಕೂ ಅಂಗಡಿಗೆ ಅರ್ಧ ದಿನ ರಜಾ, ಅರ್ಧ ದಿನದ ಸಂಬಳ ಕಟ್. ಹೋದ್ರೆ ಸರ್ವರ್ ಡೌನು. ನಾಳೆ ಬಾರಮ್ಮ. ಈ ನಿಂತ್ಕೊಳ್ಳೋ ಹೊತ್ತನ್ನ ಆ ಸರ್ವೆಯೋರು ಯಾವುದರಲ್ಲಿ ಬರ್ಕೊಳ್ತಾರೆ? ಮನೆಕೆಲಸನಾ, ಬಿಡುವಾ?

ದುರ್ಗದ_ಓದುಗಿ:
ಅಕ್ಕಾ, ನೀವು ಹೇಳಿದ ಕೊನೇ ಮಾತು ನನ್ನ ತಲೇಲಿ ಕೂತುಬಿಡ್ತು. ಗಂಡ ಮನೇಲಿದ್ರೆ ಮನೆ ಒಳಗಿನ ಕೆಲಸ ಬೆಳೀತೈತೆ, ಗಂಡ ಇಲ್ಲ ಅಂದ್ರೆ ಮನೆ ಹೊರಗಿನ ಕೆಲಸ ಬೆಳೀತೈತೆ. ಒಳಗಿನದ್ದು ಮಾತ್ರ ಎಣಿಸಿದ್ರೆ ಒಬ್ಬಂಟಿ ತಾಯಿ ಆರಾಮಾಗಿದ್ದಾಳೆ ಅಂತಲೇ ಕಾಣೋದು.

ಲೆಕ್ಕದ_ಮೇಷ್ಟ್ರು_ಹೊಳಲ್ಕೆರೆ:
ನಮ್ಮ ದೇಶದ ಸಮೀಕ್ಷೆಲಿ ಕಚೇರಿ ಓಡಾಟಾನೂ ಮನೆಕೆಲಸದ ಖಾತೆಗೇ ಬರ್ತೈತೆ ಮೇಡಂ, ಮನೆ ನಿರ್ವಹಣೆ, ಅಂಗಡಿ, ಬಿಲ್ಲು ಕಟ್ಟೋದು ಎಲ್ಲಾ ಅದರೊಳಗೇ. ತೊಂದರೆ ಬೇರೆ ಕಡೆ ಐತೆ. ನಮ್ಮ ದೇಶದ ಸಮೀಕ್ಷೆಲಿ ದಿನಾನ ಅರ್ಧರ್ಧ ಗಂಟೆ ಮಾಡಿ ಬರ್ಕೊಳ್ತಾರೆ. ಅದೇ ಅರ್ಧ ಗಂಟೇಲಿ ಮೂರು ಕೆಲಸ ಮಾಡಿದ್ರೆ ಯಾವುದೋ ಒಂದು ಮುಖ್ಯ ಅಂತ ಆಗ್ತೈತೆ. ನಮ್ಮ ಮನೆಯೋಳು ಸಾರಿಗೆ ಒಗ್ಗರಣೆ ಹಾಕ್ತಾ ಮಗನ ಮಗ್ಗಿ ಕೇಳ್ತಾ ಮಧ್ಯೆ ಸಂಪಿಗೆ ಬಿಟ್ಟಿರೋ ನೀರು ನೋಡ್ಕೊಂಡು ಬರ್ತಾಳೆ. ಅದರಲ್ಲಿ ಮುಖ್ಯ ಯಾವುದು ಹೇಳಿ?

ಟಿವಿ_ಸ್ಟೇಷನ್_ಕೆರೆ:
ನೀರಂದ್ರೆ ನೆನಪಾತು, ನಮ್ಮ ಏರಿಯಾದಲ್ಲಿ ಈ ವಾರ ಬಿಟ್ಟಿಲ್ಲ. ನಿಮ್ಮ ಕಡೆ ಯಾರಿಗಾದ್ರೂ ಬಂತಾ?

ಕೆಟಿಜೆ_ನಗರ:
ನಿನ್ನೆ ರಾತ್ರಿ ಒಂದೂವರೆಗೆ ಬಿಟ್ರು. ನಮ್ಮತ್ತೆ ಎದ್ದು ಹಿಡಿದ್ರು, ನಾನು ಬೆಳಗ್ಗೆ ಬಟ್ಟೆ ನೆನೆಹಾಕಿದ್ದೆ.

ಎರಡ್ಮಕ್ಕಳ_ತಾಯಿ:
ನೋಡ್ರಿ ಇದೇ ನಾನು ಹೇಳಿದ್ದು. ಅವರ ಮನೇಲಿ ಅತ್ತೆ ಎದ್ರು. ನಮ್ಮನೇಲಿ ಯಾರು ಏಳ್ಬೇಕು?

ಚಳ್ಳಕೆರೆ_ಶೇಂಗಾ:
ನನ್ನನ್ನ ಯಾವ ಕಡೆ ಸೇರಿಸ್ತೀರಾ ಹೇಳಿ. ತಾಳಿ ಐತೆ, ಗಂಡ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲ್ಸ, ಹಬ್ಬಕ್ಕೋ ತಿಂಗಳಿಗೋ ಒಂದ್ಸಲ ಬರ್ತಾರೆ. ಅತ್ತೆ ಮಾವ ನನ್ನ ಜೊತೆಗೇ ಇದಾರೆ. ಗಂಡ ಇಲ್ದಿರೋ ಓಡಾಟಾನೂ ನನ್ನದೇ, ಗಂಡನ ಮನೆ ಚಾಕರಿನೂ ನನ್ನದೇ. ಮಾವನಿಗೆ ಬೆಳಗ್ಗೆ ಎಂಟಕ್ಕೆ ಬಿಸಿ ಮುದ್ದೆ ಆಗ್ಲೇಬೇಕು, ಶುಗರ್ ಐತೆ. ಹೊಲದ ಕಳೆ, ಶೇಂಗಾ ಬಿಡಿಸೋದು, ಸಂಘದ ಕಂತು, ಮಗಳ ಪಿಯುಸಿ ಅಡ್ಮಿಷನ್ನು. ಫೋನಲ್ಲಿ ಅವರು ಕೇಳೋದು 'ಅಪ್ಪ ಉಂಡ್ರಾ' ಅಂತ.

ದುರ್ಗದ_ಓದುಗಿ:
ನಮ್ಮ ಕಡೆ ಇಂಥ ಮನೆ ಬಹಳ ಇದಾವೆ ಅಕ್ಕಾ. ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಗಂಡಸರು ಬೆಂಗಳೂರು ಬಸ್ಸು ಹತ್ತೋದು ಮೊದಲಿಂದ ಐತೆ. ಸಿಂಗಲ್ ತಾಯಿ ಅನ್ನೋ ಪಟ್ಟೀಲಿ ನಿಮ್ಮ ಹೆಸರು ಬರಲ್ಲ, ಗಂಡನ ಸಹಾಯ ಸಿಗೋ ಪಟ್ಟೀಲೂ ಬರಲ್ಲ.

ಅಡಿಕೆ_ಚೇಣಿ_ಚನ್ನಗಿರಿ:
ನಮ್ಮ ಕಡೆ ಅಡಿಕೆ ಸುಲಿಯೋ ಟೈಮಲ್ಲಿ ಬಂದು ನೋಡ್ರಿ. ಸಂಜೆ ಆರಕ್ಕೆ ಕತ್ತಿ ಮಣೆ ಇಟ್ಕೊಂಡು ಕೂತ್ರೆ ರಾತ್ರಿ ಹನ್ನೊಂದು ಹನ್ನೆರಡು. ಸುಲಿದಷ್ಟು ದುಡ್ಡು. ಅಲ್ಲಿ ನಾನು ಕಂಡ ಹಾಗೆ ಒಬ್ಬಂಟಿ ಹೆಂಗಸರು ಮೊದಲು ಬಂದು ಕಡೇಗೆ ಏಳ್ತಾರೆ, ಮಕ್ಕಳು ಪಕ್ಕದಲ್ಲೇ ಚೀಲದ ಮೇಲೆ ಮಲಗಿರ್ತಾವೆ. ಗಂಡ ಇರೋರು ಎಂಟಕ್ಕೆ ಎದ್ದು ಹೋಗ್ತಾರೆ, ಮನೇಲಿ ಊಟಕ್ಕೆ ಇಡ್ಬೇಕು ಅಂತ. ಆವಾಗ ಯಾರಿಗೆ ಟೈಮ್ ಜಾಸ್ತಿ ಸಿಕ್ತು ಅಂತೀರಿ? ಒಬ್ಬಳಿಗೆ ದುಡಿಯಾಕೆ ಸಿಕ್ತು, ಇನ್ನೊಬ್ಬಳಿಗೆ ದುಡಿಮೆನೂ ಹೋತು ರೆಸ್ಟೂ ಇಲ್ಲ.

ರೊಟ್ಟಿ_ಮನೆ:
ನಾನು ಬರೆಯೋದು ಕಮ್ಮಿ, ಇವತ್ತು ಬರೀಬೇಕು ಅನ್ನಿಸ್ತು. ದಾವಣಗೆರೆ ವಿನೋಬನಗರದ ಹತ್ರ ಬಾಡಿಗೆ ಮನೆ ನಂದು. ಗಂಡನ್ನ ಬಿಟ್ಟು ಬಂದಿದ್ದೀನಿ, ಮಗ ಹೈಸ್ಕೂಲು. ರೊಟ್ಟಿ ಬಡಿದು ಮಾರ್ತೀನಿ, ಜೋಳದ್ದು, ಸಜ್ಜೆದು, ಕಡಕ್ಕು ಮೆತ್ತಗಿಂದು ಎರಡೂ.

ಗಂಡನ ಮನೇಲೂ ಇದನ್ನೇ ಮಾಡ್ತಿದ್ದೆ. ತುಂಬಿದ ಮನೆ, ಬೆಳಗ್ಗೆ ಒಂದು ಬುಟ್ಟಿ ಸಂಜೆ ಒಂದು ಬುಟ್ಟಿ. ಆವಾಗ ಯಾರಾದ್ರೂ ನನ್ನ ಗಂಡನ್ನ 'ನಿನ್ನ ಹೆಂಡ್ತಿ ಏನ್ ಮಾಡ್ತಾಳೆ' ಅಂತ ಕೇಳಿದ್ರೆ 'ಮನೇಲೇ ಇರ್ತಾಳೆ' ಅನ್ನೋರು. ಈಗ ಅದೇ ಕೈ, ಅದೇ ಹೆಂಚು, ಅದೇ ಹಿಟ್ಟು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರಿಗೆ ಎಸರಿಟ್ಟು ಹಿಟ್ಟು ನಾದಿ ಕೂತ್ರೆ ಎಂಟರೊಳಗೆ ಆರ್ಡರ್ ರೊಟ್ಟಿ ಮುಗೀಬೇಕು. ಈಗ ಜನ 'ಆಕೆ ಬಿಸಿನೆಸ್ ಮಾಡ್ತಾಳೆ' ಅಂತಾರೆ. ಲೆಕ್ಕ ಬರ್ಕೊಳ್ಳೋರು ಬಂದ್ರೂ ಆವಾಗಿನ ರೊಟ್ಟಿ ಒಂದು ಖಾತೆಗೆ, ಈಗಿನ ರೊಟ್ಟಿ ಇನ್ನೊಂದು ಖಾತೆಗೆ ಹಾಕ್ತಾರೆ ಅಲ್ವಾ ಮೇಷ್ಟ್ರೇ? ಬೆನ್ನು ನೋವಂತೂ ಎರಡಕ್ಕೂ ಒಂದೇ.

ನನ್ನ ಹತ್ರ ರೊಟ್ಟಿ ಒಯ್ಯೋರು ಯಾರು ಅಂದ್ರೆ ಬಹುತೇಕ ಗಂಡ ಇರೋ ನೌಕರಿ ಹೆಂಗಸರು, ಬ್ಯಾಂಕಿನೋರು, ಟೀಚರ್ಸು, ನರ್ಸುಗಳು. ಸಂಜೆ ಸ್ಕೂಟಿ ನಿಲ್ಲಿಸಿ ಒಯ್ತಾರೆ, ಕೆಲವರು ಮನೇಗೆ ಹೋಗಿ ಮತ್ತೆ ಹೆಂಚಿನ ಮೇಲೆ ಬಿಸಿ ಮಾಡಿ ನಾವೇ ಬಡಿದದ್ದು ಅಂತ ಕೊಡ್ತಾರಂತೆ, ಅವರೇ ಹೇಳ್ತಾರೆ ನನಗೆ. ಅವರಿಗೆ ಒಂದು ಗಂಟೆ ಉಳೀತತಿ, ನನಗೆ ಮಗನ ಫೀಸು ಆಗ್ತತಿ. ನಾನು ಅವರ ಮೇಲೆ ಹೊಟ್ಟೆಕಿಚ್ಚು ಪಡಲ್ಲ. ಅವರಿಗೂ ಇನ್ನೊಬ್ಬರ ನಾಲಿಗೆಗೆ ಹೆದರಿಕೆ ಐತಿ, ನನಗೆ ಆ ಹೆದರಿಕೆ ಹೋಗೇತಿ.

ಟೈಮು ಕೇಳಿದ್ರೆ, ಒಂಬತ್ತರಿಂದ ಹತ್ತೂವರೆ ನಂದು. ಮಗ ಶಾಲೆಗೆ ಹೋಗಿರ್ತಾನೆ, ಹೆಂಚು ಆರಿರ್ತತಿ. ಟೀ ಕುಡಿದು ಪೇಪರ್ ಓದ್ತೀನಿ. ಆ ಹೊತ್ತಲ್ಲಿ ಯಾರೂ ನನ್ನ ಹೆಸರು ಹಿಡಿದು ಕೂಗಲ್ಲ. ಗಂಡನ ಮನೇಲಿ ಇಂಥ ಹೊತ್ತೊಂದು ಇರಲೇ ಇಲ್ಲ.

ನಿಟ್ಟುವಳ್ಳಿ_ಅಕ್ಕ:
ಅಕ್ಕಾರೇ ನಿಮ್ಮ ಆ ಒಂದೂವರೆ ಗಂಟೆ ಓದಿ ಕಣ್ಣಲ್ಲಿ ನೀರು ಬಂತು. ನಂಬರ್ ಇನ್‌ಬಾಕ್ಸಲ್ಲಿ ಕಳಿಸ್ರಿ, ಸಜ್ಜೆ ರೊಟ್ಟಿ ಬೇಕು.

ಹಳೇ_ಪೇಟೆ_ಯಜಮಾನ:
ನನಗೆ ವಯಸ್ಸಾಗೇತಿ, ಹೇಳಿದ್ರೆ ಬೇಜಾರ್ ಮಾಡ್ಕೋಬ್ಯಾಡ್ರಿ. ರೊಟ್ಟಿನೂ ಕೊಂಡು ತಂದ್ರೆ ಅದು ಮನೆ ಹೆಂಗಾತು. ನಮ್ಮವ್ವ ಗಿರಣಿ ಶಿಫ್ಟಿಗೆ ಹೋಗೋ ನಮ್ಮಪ್ಪಗೆ ಬುತ್ತಿ ಕಟ್ಟಿ, ಆರು ಮಕ್ಕಳಿಗೆ ಉಣಿಸಿ, ಆಮೇಲೆ ಬೀಡಿನೂ ಕಟ್ಟೋಳು. ಒಂದಿನ ಟೈಮಿಲ್ಲ ಅಂದಿದ್ದಿಲ್ಲ.

ಜಯದೇವ_ಸರ್ಕಲ್:
ಯಜಮಾನ್ರೇ, ನಿಮ್ಮವ್ವನ್ನ ಯಾರಾದ್ರೂ ಕೇಳಿದ್ರಾ?

ಬೀಡಿ_ಎಲೆ:
ನಾನು ಆಜಾದ್ ನಗರದ ಕಡೆಯೋಳು. ನಮ್ಮಮ್ಮ ಬೀಡಿ ಕಟ್ಟಿನೇ ನಮ್ಮನ್ನ ಓದಿಸಿದ್ದು. ಯಜಮಾನ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಮನೇಲೇ ಕಟ್ಟೋದ್ರಿಂದ ಅದು ಕೆಲಸ ಅಂತ ಮನೆಯೋರಿಗೂ ಅನ್ನಿಸ್ತಿರಲಿಲ್ಲ. ಮೊರದ ತುಂಬ ಎಲೆ ತಂಬಾಕು ಇಟ್ಕೊಂಡು ಕಾಲಲ್ಲಿ ತಮ್ಮನ ತೊಟ್ಟಿಲು ತೂಗೋರು, ಬಾಯಲ್ಲಿ ನಮ್ಮ ಪಾಠ ಕೇಳೋರು. ರಾತ್ರಿ ಕೈ ತೊಳೆದ್ರೂ ಊಟದಲ್ಲಿ ತಂಬಾಕಿನ ವಾಸನೆ. ಟೈಮಿಲ್ಲ ಅಂತ ನಮ್ಮಮ್ಮನೂ ಹೇಳಿದ್ದಿಲ್ಲ, ಕೇಳೋರು ಇದ್ದಿದ್ರೆ ಹೇಳ್ತಿದ್ರು. ಐವತ್ತರ ಒಳಗೇ ಉಬ್ಬಸ ಬಂತು.

ಹಳೇ_ಪೇಟೆ_ಯಜಮಾನ:
ನಮ್ಮವ್ವಂದೂ ಕೆಮ್ಮಿತ್ತು ತಾಯಿ.

ಕೋಟೆ_ಕಲ್ಲು:
ನಮ್ಮ ಓಬವ್ವನ್ನೇ ನೋಡಿ. ಗಂಡ ಕಾವಲಿಂದ ಊಟಕ್ಕೆ ಬಂದಿದ್ದ, ಊಟದ ಮಧ್ಯೆ ನೀರು ತರಾಕೆ ಹೋದೋಳು ಆಕೆ. ಆ ಕಿಂಡೀಲಿ ಹೈದರಾಲಿ ಸೈನಿಕರು ನುಗ್ಗೋದು ಕಂಡ್ಳು, ಊಟ ಮಾಡೋ ಗಂಡನ್ನ ಎಬ್ಬಿಸ್ಲಿಲ್ಲ, ಒನಕೆ ತಗೊಂಡು ತಾನೇ ನಿಂತ್ಳು. ಕೋಟೆ ನೋಡಾಕೆ ಬಂದೋರೆಲ್ಲ ಒನಕೆ ವಿಷ್ಯ ಹೇಳ್ತಾರೆ, ನೀರಿಗೆ ಹೋಗಿದ್ದು ಯಾಕೆ ಆಕೇನೇ ಅಂತ ಯಾರೂ ಕೇಳಲ್ಲ.

ಎಪಿಎಂಸಿ_ಅಣ್ಣ:
ಓಬವ್ವನ್ನ ಇದಕ್ಕೆಲ್ಲ ಎಳೀಬ್ಯಾಡ್ರಿ, ಆಕೆ ಕಥೆ ಬೇರೆ, ಕಾಲ ಬೇರೆ.

ಕೋಟೆ_ಕಲ್ಲು:
ನೀರು ತರೋರು ಇವತ್ತಿಗೂ ಅವರೇ ಅಲ್ವಾ ಅಣ್ಣ.

ಟೀಚರಮ್ಮ_ಹೊಸದುರ್ಗ:
ಬಸ್ಸಿನ ವಿಷ್ಯ ಯಾರೂ ಎತ್ತಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ್ಮೇಲೆ ಸರ್ಕಾರಿ ಬಸ್ಸಲ್ಲಿ ನಮಗೆ ದುಡ್ಡಿಲ್ಲ, ಅದು ದೊಡ್ಡ ಉಪಕಾರ, ನಾನು ಬೇಡ ಅನ್ನಲ್ಲ. ಆದ್ರೆ ನಮ್ಮ ಜಿಲ್ಲೇಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಅದಕ್ಕೆ ಫ್ರೀ ಇಲ್ಲ. ಸಂಜೆ ಸ್ಟಾಪಲ್ಲಿ ಪ್ರೈವೇಟ್ ಬಂದಾಗ ಯಾರು ಹತ್ತುತ್ತಾರೆ ಯಾರು ಹತ್ತಲ್ಲ ನೋಡಿ. ನಮ್ಮ ಶಾಲೇಲಿ ಬಿಸಿಯೂಟ ಮಾಡೋ ಅಮ್ಮ ಒಬ್ಬರೇ ಮಕ್ಕಳನ್ನ ಸಾಕ್ತಿರೋರು, ಅವರು ಸರ್ಕಾರಿ ಬಸ್ ಬರೋವರೆಗೂ ಕಾಯ್ತಾರೆ, ಮುಕ್ಕಾಲು ಗಂಟೆ ಆಗ್ಲಿ ಒಂದು ಗಂಟೆ ಆಗ್ಲಿ. ನಾನು ದುಡ್ಡು ಕೊಟ್ಟು ಹತ್ತಿ ಹೋಗ್ತೀನಿ. ಇನ್ನೊಬ್ಬ ಟೀಚರ್‌ಗೆ ಗಂಡ ಬೈಕಲ್ಲಿ ಬರ್ತಾರೆ. ಮೂವರೂ ತಾಯಂದಿರೇ, ಮನೆ ಸೇರೋ ಟೈಮ್ ಮಾತ್ರ ಬೇರೆ ಬೇರೆ. ಕಾಯೋ ಆ ಹೊತ್ತಲ್ಲಿ ಅವರ ಮಕ್ಕಳು ಬಾಗ್ಲಲ್ಲಿ ಕೂತಿರ್ತಾರೆ.

ರಜಾ ವಿಷ್ಯಾನೂ ಹಂಗೇ. ನಮ್ಮಂಥ ಸರ್ಕಾರಿ ನೌಕರಿ ಹೆಂಗಸರಿಗೆ 2021ರಿಂದ ಮಕ್ಕಳ ಪಾಲನೆಗೆ ಅಂತ 180 ದಿನದ ರಜೆ ಐತೆ, ಮಗಳ ಹತ್ತನೇ ಕ್ಲಾಸ್ ಪರೀಕ್ಷೆಗೆ ನಾನು ಅದರಲ್ಲೇ ತಗೊಂಡೆ. ಬಿಸಿಯೂಟದ ಅಮ್ಮನಿಗೆ ಒಂದು ದಿನ ಬೇಕಂದ್ರೂ ಬದಲಿಗೆ ಇನ್ನೊಬ್ಬರನ್ನ ಹುಡುಕಿ ಕೊಡಬೇಕು.

ಎರಡ್ಮಕ್ಕಳ_ತಾಯಿ:
ಟೀಚರಮ್ಮ ಬಂದ್ರಲ್ಲ, ಒಂದು ಕೇಳ್ತೀನಿ. ಮಗನ ಶಾಲೇಲಿ ಫಾರಂಗೆ ತಂದೆ ಸಹಿ ಬೇಕು ಅಂತ ವಾಪಸ್ ಕಳಿಸಿದ್ರು. ಡೆತ್ ಸರ್ಟಿಫಿಕೇಟ್ ತೋರಿಸಿ ಅಂದ್ರು, ಮನೇಗೆ ಹೋಗಿ ತಗೊಂಡು ಬಂದೆ. ಇದು ವರ್ಷಾ ವರ್ಷ.

ವಕೀಲಮ್ಮ_ದುರ್ಗ:
ಎಲ್ಲಾ ಶಾಲೆ ಹಂಗಿಲ್ಲ, ಆದ್ರೆ ಹಂಗೆ ಮಾಡೋ ಕಡೆ ಗಟ್ಟಿಯಾಗಿ ಹೇಳಿ. ತಾಯಿನೂ ಮಗುವಿನ ಸಹಜ ಪೋಷಕಿ ಆಗಬಹುದು ಅಂತ ಸುಪ್ರೀಂ ಕೋರ್ಟು 1999ರಲ್ಲೇ ಗೀತಾ ಹರಿಹರನ್ ಕೇಸಲ್ಲಿ ಹೇಳಿದೆ, ನಿಮ್ಮ ವಿಷ್ಯದಲ್ಲಂತೂ ತಂದೆ ತೀರಿಕೊಂಡ ಮೇಲೆ ಪ್ರಶ್ನೆನೇ ಇಲ್ಲ. ಮದುವೆ ಆಗದ ತಾಯಿ ತಂದೆ ಹೆಸರು ಹೇಳದೆನೇ ಗಾರ್ಡಿಯನ್ ಆಗಬಹುದು ಅಂತ 2015ರಲ್ಲಿ ಇನ್ನೊಂದು ತೀರ್ಪು ಬಂತು. ಪಾಸ್‌ಪೋರ್ಟ್‌ಗೂ 2016ರ ಕೊನೇಲಿ ನಿಯಮ ಬದಲಾಯಿಸಿ ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಸಾಕು ಅಂತ ಮಾಡಿದ್ರು. ಕಾಗದ ಕೊಟ್ಟಾಗ ಸ್ವೀಕೃತಿ ತಗೊಳ್ಳಿ, ಆಗ್ಲಿಲ್ಲ ಅಂದ್ರೆ ಬಿಇಒ ಆಫೀಸಿಗೆ ಒಂದು ಅರ್ಜಿ ಬರೀರಿ. ಬರೆಯೋಕೆ ನಾನು ಸಹಾಯ ಮಾಡ್ತೀನಿ, ದುಡ್ಡು ಬೇಡ.

ದುರ್ಗದ_ಓದುಗಿ:
ಇನ್ನೊಂದು ಕೇಳ್ಬೇಕಿತ್ತು. ಆ ಪ್ರಬಂಧದಲ್ಲಿ ಮದುವೆ ಆಗದ ತಾಯಂದಿರ ಬಿಡುವು ಟಿವಿ ಮುಂದೆ ಅಂತ ಬಂದೈತಲ್ಲ. ಆ ವ್ಯತ್ಯಾಸದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು, ತಾಯಂದಿರ ಹಿನ್ನೆಲೆನೇ ಬೇರೆ ಬೇರೆ ಇರೋದ್ರಿಂದ ಬಂದದ್ದು ಅಂತ ಅವರೇ ಹೇಳಿದಾರೆ, ಅಂದ್ರೆ ಸೋಮಾರಿತನ ಅಂತ ಓದ್ಕೋಬಾರ್ದು. ನಮ್ಮಲ್ಲಿ ಒಬ್ಬಂಟಿ ಹೆಂಗಸಿಗೆ ಬಿಡುವು ಸಿಕ್ರೆ ಏನ್ ಮಾಡ್ತಾಳೆ?

ಎರಡ್ಮಕ್ಕಳ_ತಾಯಿ:
ಮೊಬೈಲ್. ಸೀರಿಯಲ್. ಯಾಕೆ ಅಂತ ನಾನೇ ಹೇಳ್ತೀನಿ. ಭಾನುವಾರ ಸಂಜೆ ಕುಂದವಾಡ ಕೆರೆಗೆ ವಾಕಿಂಗ್ ಹೋಗೋಣ ಅಂತ ಆಸೆ, ಒಂದು ಸಲ ಸ್ವಲ್ಪ ಒಳ್ಳೇ ಸೀರೆ ಉಟ್ಕೊಂಡು ಹೋಗಿದ್ದಕ್ಕೆ ಬೀದೀಲಿ ಮಾತು. ಗಂಡ ಇರೋಳು ಹೋದ್ರೆ ಸಂಸಾರಸ್ಥೆ ಗಾಳಿ ಕುಡಿಯಾಕೆ ಹೋದ್ಲು, ನಾನು ಹೋದ್ರೆ ಯಾರನ್ನೋ ನೋಡಾಕೆ ಹೋದ್ಲು. ಮದುವೆ ಮನೇಗೆ ಕರೆದ್ರೂ ಮುಂದೆ ಕೂರಂಗಿಲ್ಲ. ಮನೆ ಒಳಗೆ ಟಿವಿ ಹಾಕಿದ್ರೆ ಯಾರೂ ಏನೂ ಅನ್ನಲ್ಲ, ಅದಕ್ಕೇ ಟಿವಿ.

ಕೆಟಿಜೆ_ನಗರ:
ಅಕ್ಕ ಗಂಡ ಇದ್ರೂ ಒಬ್ಬಳೇ ವಾಕಿಂಗ್ ಹೋದ್ರೆ ಕೇಳ್ತಾರೆ, ನಮ್ಮನೇಲೇ ಕೇಳ್ತಾರೆ. ಅತ್ತೆನೋ ಮಗೂನೋ ಜೊತೆಗಿದ್ರೆ ಸರಿ. ಗಂಡ ಇರೋರ ಬಿಡುವು ಅಂದ್ರೆ ಮಕ್ಕಳನ್ನ ಪಾರ್ಕಲ್ಲಿ ಆಡಿಸೋದು, ಅದೂ ಮಕ್ಕಳ ಕೆಲಸನೇ ಅಲ್ವಾ.

ರೊಟ್ಟಿ_ಮನೆ:
ಬೀದಿ ಮಾತು ಒಂದು ವರ್ಷ ಇರ್ತತಿ, ಆಮೇಲೆ ಅವರಿಗೇ ಬೇಜಾರಾಗ್ತತಿ. ಎರಡ್ಮಕ್ಕಳ ತಾಯಿ, ಬರೋ ಭಾನುವಾರ ಐದಕ್ಕೆ ನಾನೂ ಬರ್ತೀನಿ ಕೆರೆಗೆ. ಒಳ್ಳೇ ಸೀರೆನೇ ಉಟ್ಕೊಂಡು ಬಾ.

ಎಪಿಎಂಸಿ_ಅಣ್ಣ:
ನಾನು ಓದ್ತಾ ಬಂದೆ. ನನ್ನ ಮಾತು ಇಷ್ಟೇ, ಗಂಡಸರಿಗೂ ದುಡಿಮೆ ಒತ್ತಡ ಐತಿ, ಅದನ್ನೂ ಸರ್ವೆಲಿ ಬರೀಬೇಕು. ಹೊರಗಿನ ಸಂಬಳದ ಕೆಲಸದ ಗಂಟೆ ನಮ್ಮದೇ ಜಾಸ್ತಿ.

ಲೆಕ್ಕದ_ಮೇಷ್ಟ್ರು_ಹೊಳಲ್ಕೆರೆ:
ಬರೆದಿದಾರೆ ಅಣ್ಣ, ಸಂಬಳದ ಕೆಲಸದಲ್ಲಿ ಗಂಡಸರ ಗಂಟೆನೇ ಜಾಸ್ತಿ ಬಂದೈತೆ, ಅದನ್ನ ಯಾರೂ ಮುಚ್ಚಿಟ್ಟಿಲ್ಲ. ಒಬ್ಬಂಟಿ ತಾಯಿಗೆ ಎರಡೂ ಒಬ್ಬಳ ತಲೆ ಮೇಲೇ ಐತೆ, ಮಾತು ಅದು.

ಚಳ್ಳಕೆರೆ_ಶೇಂಗಾ:
ಕೂಸಿನ ಮನೆ ಅಂತ ಮಾಡ್ತಾರಲ್ಲ ಪಂಚಾಯ್ತಿಲಿ, ಅದು ಎಲ್ಲಾ ಊರಲ್ಲೂ ಐತಾ? ನನ್ನ ನಾದಿನಿ ಮಗು ಎರಡು ವರ್ಷದ್ದು, ಅವಳು ಗಂಡನ್ನ ಬಿಟ್ಟು ನಮ್ಮನೇಲಿದಾಳೆ, ಮಗೂನ ಯಾರು ನೋಡ್ಕೊಳ್ಳೋದು ಅಂತ ಕೂಲಿಗೆ ಹೋಗಾಕಾಗ್ತಿಲ್ಲ. ಅಂಗನವಾಡಿಯೋರು ಮೂರು ವರ್ಷ ಆಗ್ಲಿ ಅಂತಾರೆ.

ಟೀಚರಮ್ಮ_ಹೊಸದುರ್ಗ:
2023-24ರ ಬಜೆಟ್ಟಲ್ಲಿ 4,000 ಗ್ರಾಮ ಪಂಚಾಯ್ತಿಗೆ ಅಂತ ಹೇಳಿದ್ರು, ಹಂಗಾಗಿ ಎಲ್ಲಾ ಪಂಚಾಯ್ತಿಲೂ ಇರಲ್ಲ. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಸಣ್ಣ ಮಕ್ಕಳಿಗೇ ಮೊದಲು ಮಾಡಿದ್ದು ಅದು. ನಿಮ್ಮ ನಾದಿನಿ ಹೆಸರಲ್ಲಿ ಜಾಬ್ ಕಾರ್ಡ್ ಐತಾ ಮೊದಲು ನೋಡಿ, ಗಂಡನ ಮನೆ ಕಾರ್ಡಲ್ಲಿ ಹೆಸರಿದ್ರೆ ಅಲ್ಲಿಂದ ತೆಗೆಸಿ ನಿಮ್ಮೂರಲ್ಲಿ ಬೇರೆ ಮಾಡಿಸ್ಬೇಕಾಗ್ತೈತೆ. ಪಿಡಿಒ ಹತ್ರ ಕೇಳಿ.

ಚಳ್ಳಕೆರೆ_ಶೇಂಗಾ:
ಹೆಸರು ಗಂಡನ ಮನೆ ಕಾರ್ಡಲ್ಲೇ ಐತೆ. ಅದನ್ನ ತೆಗೆಸಾಕೆ ಅವರೂರಿಗೆ ಹೋಗ್ಬೇಕಲ್ಲ, ಅವಳಿಗೆ ಅಲ್ಲಿಗೆ ಹೋಗಾಕೆ ಭಯ.

ವಕೀಲಮ್ಮ_ದುರ್ಗ:
ಒಬ್ಬಳೇ ಹೋಗೋದು ಬೇಡ. ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ದುರ್ಗದ ಕೋರ್ಟ್ ಹತ್ರ ಕರ್ಕೊಂಡು ಬನ್ನಿ, ಆಧಾರು, ರೇಷನ್ ಕಾರ್ಡಿನ ಜೆರಾಕ್ಸು, ಮಗುವಿನ ಜನನ ಪತ್ರ ತಗೊಂಡು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಅಲ್ಲೇ ಐತೆ, ಹೆಂಗಸರಿಗೆ ಅಲ್ಲಿ ವಕೀಲರು ಉಚಿತ. ಅಲ್ಲಿಂದಲೇ ಆ ಪಂಚಾಯ್ತಿಗೆ ಪತ್ರ ಹಾಕಿಸೋಣ. ಮಗೂನೂ ಕರ್ಕೊಂಡು ಬನ್ನಿ, ಬಿಟ್ಟು ಬರೋಕೆ ಯಾರೂ ಇಲ್ಲ ಅಂತ ದಿನ ತಪ್ಪಿಸ್ಬೇಡಿ.

ಚಳ್ಳಕೆರೆ_ಶೇಂಗಾ:
ಬರ್ತೀವಿ ಅಕ್ಕ. ಮಾವನಿಗೆ ಬೆಳಗ್ಗೆಯೇ ಮುದ್ದೆ ಮಾಡಿಟ್ಟು ಎಂಟೂವರೆ ಬಸ್ಸಿಗೆ ಹೊರಡ್ತೀವಿ.